ಮನೆತನದ ಕಲೆ: ರಕ್ತದ ಬಳುವಳಿಯೋ, ಕಾಯಕದ ಫಲವೋ?

ಒಂದೇ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹಾಡುವವರು ಹುಟ್ಟಿಬಂದರೆ, ‘ಅದು ಅವರ ರಕ್ತದಲ್ಲಿಯೇ ಇದೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮಾತಿನಿಂದ ಎರಡು ಹಾನಿಗಳುಂಟು. ಅಂಥ ಮನೆಯ ಮಗುವಿಗೆ ಇದು ಹೊರೆಯಾಗುತ್ತದೆ. ಅಂಥ ಮನೆಯಲ್ಲಿ ಹುಟ್ಟದ ಮಗುವಿಗೆ ಮುಚ್ಚಿದ ಬಾಗಿಲಾಗುತ್ತದೆ. ನಮ್ಮ ಧಾರವಾಡ ಜಿಲ್ಲೆಯ ಎರಡು ಸಂಗೀತದ ಮನೆಗಳು ಬೇರೊಂದು ಸತ್ಯವನ್ನು ತಿಳಿಸುತ್ತವೆ.

ಗಂಗೂಬಾಯಿ ಹಾನಗಲ್ಲರು ಜನಿಸಿದ್ದು 1913ರಲ್ಲಿ, ಧಾರವಾಡದಲ್ಲಿ. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲವರು. ಮಗಳ ಒಲವು ಹಿಂದೂಸ್ತಾನಿ ಪದ್ಧತಿಯತ್ತ ಹರಿದಾಗ, ಅವಳ ಕಲಿಕೆಗೆ ಅಡ್ಡಿಯಾಗಬಾರದೆಂದು ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಬಳುವಳಿಯಾಗಿ ಬಂದದ್ದು ಕಂಠ ಮಾತ್ರವಲ್ಲ, ತಾಯಿಯ ತ್ಯಾಗವೂ ಹೌದು. 1932ರಲ್ಲಿ ಅಂಬಾಬಾಯಿಯವರು ತೀರಿಕೊಂಡರು. ಹುಟ್ಟಿನ ಕಾರಣಕ್ಕಾಗಿ ಸಮಾಜದ ಹೀಯಾಳಿಕೆಯನ್ನುಂಡ ಗಂಗೂಬಾಯಿಯವರು, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಕಲಿತರು. ಮುಂದೆ ಅವರ ಮಗಳು ಕೃಷ್ಣಾ ವೇದಿಕೆಯಲ್ಲಿ ತಾಯಿಗೆ ದನಿಗೂಡಿಸಿದರು. ಆ ಮಗಳು 2004ರಲ್ಲಿ ತಾಯಿಗಿಂತ ಮೊದಲೇ ಅಗಲಿದರು. ತಾಯಿ 2009ರವರೆಗೆ ಬದುಕಿದ್ದರು. ರಕ್ತವನ್ನೇ ನಂಬಿದ ಪರಂಪರೆಗೆ ಇಂಥ ಅಗಲಿಕೆಯೇ ಕೊನೆಯಾಗುತ್ತಿತ್ತು. ವಿದ್ಯೆಯಾದರೋ ಶಿಷ್ಯರಲ್ಲಿ ಉಳಿಯುತ್ತದೆ.

ಇನ್ನೊಂದು ಮನೆ ಧಾರವಾಡದ ಬಳಿಯ ಮನಸೂರಿನದು. 1910ರ ಡಿಸೆಂಬರ್ 31ರಂದು ಜನಿಸಿದ ಮಲ್ಲಿಕಾರ್ಜುನ ಮನಸೂರರ ತಂದೆ ಭೀಮರಾಯಪ್ಪನವರು ಒಕ್ಕಲುತನದವರು, ಸಂಗೀತಪ್ರಿಯರು. ಅಣ್ಣ ಬಸವರಾಜರು ನಾಟಕದವರು. ಮನೆಯಲ್ಲಿ ದೊರೆತದ್ದು ಕೇಳುವ ಕಿವಿ ಮತ್ತು ರಂಗದ ನಂಟು. ಮಿರಜಿನ ನೀಲಕಂಠಬುವಾ ಅವರ ಬಳಿ ಕಲಿತ ಅವರಿಗೆ, ಮುಂದೆ ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಭುರ್ಜಿಖಾನರು ತಮ್ಮ ಮನೆತನದ ಗಾಯಕಿಯನ್ನು ಕಲಿಸಿಕೊಟ್ಟರು. ಆ ಮನೆತನದ ವಿದ್ಯೆ ಒಕ್ಕಲಿಗನ ಮಗನ ಕೈಸೇರಿತು. ಅದೇ ಗಾಯಕಿಯಲ್ಲಿ ಪಳಗಿದ ಕಂಠದಿಂದ ಅವರು ಶರಣರ ವಚನಗಳನ್ನೂ ಹಾಡಿ ನಾಡಿಗೆ ಕೇಳಿಸಿದರು. ಅವರ ಮಗ ರಾಜಶೇಖರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುತ್ತಲೇ ಗಾಯಕರಾದರು. ಮಗಳು ನೀಲಾ ಕೊಡ್ಲಿಯವರೂ ಗಾಯಕಿ.

ಶರಣರು ಕಾಯಕವನ್ನು ಹುಟ್ಟಿಗೆ ಕಟ್ಟಿಹಾಕಲಿಲ್ಲ. ಕಲೆಗೂ ಇದೇ ಮಾತು ಸಲ್ಲುತ್ತದೆ. ಹಾಡುವ ಮನೆಯಲ್ಲಿ ಬೆಳೆಯುವ ಮಗುವಿಗೆ ಎಳವೆಯಿಂದಲೇ ಸ್ವರಗಳು ಕಿವಿಗೆ ಬೀಳುತ್ತವೆ. ತಪ್ಪಿದಾಗ ತಿದ್ದುವವರು ಪಕ್ಕದಲ್ಲಿಯೇ ಇರುತ್ತಾರೆ. ಇದು ದೊಡ್ಡ ಭಾಗ್ಯ. ಆದರೆ ಸಾಧನೆಗೆ ಬದಲಿಯಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮನೆಯಲ್ಲಿ ಕಲೆಯಿದ್ದರೆ ಮಗುವಿನ ಮುಂದೆ ಇಡಿರಿ, ಹೆಗಲ ಮೇಲೆ ಹೇರಬೇಡಿರಿ. ಅದು ಬೇರೆ ದಾರಿ ಹಿಡಿದರೆ ಅಂಬಾಬಾಯಿಯವರಂತೆ ದಾರಿಬಿಡಿರಿ. ನಿಮ್ಮ ವಿದ್ಯೆಯನ್ನರಸಿ ನೆರೆಮನೆಯ ಮಗು ಬಂದರೆ ಅದಕ್ಕೂ ಕಲಿಸಿರಿ. ಪಡೆದ ವಿದ್ಯೆಯನ್ನು ಹಂಚುವುದೂ ದಾಸೋಹವೇ.