ಕಪೋತಾಸನದಲ್ಲಿ ಬೆನ್ನಿನ ಪಾಲು

ಪಾರಿವಾಳವು ಎದೆಯುಬ್ಬಿಸಿ ನಿಲ್ಲುವುದನ್ನು ನೀವೆಲ್ಲ ಕಂಡಿದ್ದೀರಿ. ಅದರ ಹೆಸರನ್ನು ಹೊತ್ತ ಕಪೋತಾಸನದಲ್ಲಿ ಸಾಧಕನು ಮೊಣಕಾಲೂರಿ ನಿಂತು, ಹಿಂದಕ್ಕೆ ಬಾಗಿ, ಮೊಣಕೈಗಳನ್ನು ನೆಲಕ್ಕಿಟ್ಟು ತನ್ನ ಪಾದಗಳನ್ನೇ ಕೈಯಾರೆ ಹಿಡಿಯುತ್ತಾನೆ. ನೋಡುವವರಿಗೆ ಇದು ನಡು ಬಳುಕಿಸುವ ಚಮತ್ಕಾರದಂತೆ ತೋರುವುದು ಸಹಜ. ಆದರೆ ನಡುವೊಂದನ್ನೇ ಬಳುಕಿಸಿ ಇದನ್ನು ಸಾಧಿಸಹೊರಟವನು ನಡುವನ್ನೇ ಕೆಡಿಸಿಕೊಳ್ಳುತ್ತಾನೆ. ಹಲವು ವರ್ಷಗಳಿಂದ ಆಸನಗಳನ್ನು ಕಲಿಸುತ್ತ ಬಂದ ನನಗೆ ಇಂದು ಮುಖ್ಯವಾಗಿ ಹೇಳಬೇಕಾದ ಮಾತು ಇದೇ.

ಈ ಬಗೆಯ ಆಸನಗಳಿಗೂ ಮೈಸೂರಿಗೂ ಹಳೆಯ ನಂಟು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕೃಷ್ಣಮಾಚಾರ್ಯರು ತಮ್ಮ ‘ಯೋಗ ಮಕರಂದ’ವನ್ನು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟಿಸಿದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ಕಪೋತಾಸನವನ್ನು ಮೊದಲ ಶ್ರೇಣಿಯಲ್ಲಿಡದೆ ಎರಡನೆಯದರಲ್ಲಿಟ್ಟರು. ಇನ್ನೊಬ್ಬ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರರು 1966ರಲ್ಲಿ ಹೊರತಂದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಆಸನಗಳ ಕಾಠಿಣ್ಯವನ್ನು 1ರಿಂದ 60ರವರೆಗೆ ಅಂಕೆ ಹಾಕಿ ತೋರಿಸಿದರು. ಇಬ್ಬರ ದಾರಿಗಳೂ ಬೇರೆ. ಆದರೂ ಸರತಿಯನ್ನು ಮೀರಬಾರದೆಂಬಲ್ಲಿ ಭೇದವಿಲ್ಲ.

ಸರತಿ ಏಕೆ ಬೇಕು? ಬೆನ್ನುಮೂಳೆಯ ರಚನೆಯನ್ನು ನೋಡಿದರೆ ತಿಳಿಯುತ್ತದೆ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಮಣಿಗಳಿವೆ. ಎದೆಯ ಹನ್ನೆರಡಕ್ಕೆ ಪಕ್ಕೆಲುಬುಗಳ ಕಟ್ಟುಂಟು. ಸಾಲದ್ದಕ್ಕೆ ಅವುಗಳ ಹಿಂಬದಿಯ ಮುಳ್ಳುಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಇಳಿಬಿದ್ದಿವೆ. ಹಿಂದಕ್ಕೆ ಬಾಗು ಎಂದರೆ ಅವು ಸುಲಭವಾಗಿ ಒಪ್ಪುವುದಿಲ್ಲ. ಸೊಂಟ ಮತ್ತು ಕತ್ತಿನ ಮಣಿಗಳು ಹಾಗಲ್ಲ, ಕರೆದ ಕೂಡಲೇ ಬರುತ್ತವೆ. ಮನೆಯಲ್ಲಿ ಹೇಳಿದ ಮಾತು ಕೇಳುವ ಮಗನ ತಲೆಗೇ ಎಲ್ಲ ಕೆಲಸವೂ ಬೀಳುವಂತೆ, ಇಡಿಯ ಬಾಗುವಿಕೆಯ ಭಾರ ಸೊಂಟದ ಕೊನೆಯ ಎರಡು ಮಣಿಗಳ ಮೇಲೆ ಬೀಳುತ್ತದೆ.

ಆದುದರಿಂದ, ವಿಚಿತ್ರವೆನಿಸಿದರೂ, ಇಲ್ಲಿ ಬಿಗಿಮೈಯವನಿಗಿಂತ ಬಳುಕುಮೈಯವನಿಗೇ ಅಪಾಯ ಹೆಚ್ಚು. ಬಿಗಿಮೈಯವನನ್ನು ಅವನ ಬಿಗಿತವೇ ದಾರಿಯಲ್ಲಿ ತಡೆದು ಕಾಯುತ್ತದೆ. ನನ್ನಲ್ಲಿಗೆ ಬಂದಿದ್ದ ಹದಿನೇಳರ ಹುಡುಗಿಯೊಬ್ಬಳು ನೃತ್ಯ ಕಲಿತವಳು. ಸ್ಪರ್ಧೆಯೊಂದಕ್ಕಾಗಿ ಮನೆಯಲ್ಲಿ ತಾನೇ ಅಭ್ಯಾಸ ಮಾಡಿ ಸಲೀಸಾಗಿ ಪಾದ ಹಿಡಿಯುತ್ತಿದ್ದಳು. ಸೊಂಟದ ಎಡಮಗ್ಗುಲಲ್ಲಿ ಒಂದೇ ಕಡೆ ಚುಚ್ಚುತ್ತದೆ, ಹಿಂದಕ್ಕೆ ಬಾಗಿದಾಗ ಹೆಚ್ಚುತ್ತದೆ ಎಂದಳು. ನಾನು ಆಸನವನ್ನು ನಿಲ್ಲಿಸಿ ಮೂಳೆವೈದ್ಯರ ಬಳಿಗೆ ಕಳುಹಿಸಿದೆ. ಐದನೆಯ ಸೊಂಟಮಣಿಯ ಹಿಂಭಾಗದಲ್ಲಿ ಕೂದಲೆಳೆಯಂತಹ ಬಿರುಕು ಮೂಡಿತ್ತು. ಕ್ರಿಕೆಟ್ಟಿನ ವೇಗದ ಬೌಲರುಗಳನ್ನು ಕಾಡುವ ಬಿರುಕೂ ಇದೇ. ಅವಳು ತಿಂಗಳುಗಟ್ಟಲೆ ಕುಣಿತವನ್ನೂ ಬಿಡಬೇಕಾಯಿತು.

ಹಾಗಾದರೆ ಬಾಗುವುದು ಎಲ್ಲಿಂದ? ಮೊದಲು ತೊಡೆಗಳಿಂದ. ಸೊಂಟದ ಮಣಿಗಳಿಂದ ಹೊರಟು ಹೊಟ್ಟೆಯ ಒಳಗಿನಿಂದಲೇ ತೊಡೆಯೆಲುಬಿಗೆ ಇಳಿಯುವ ಸೋಯಸ್ ಎಂಬ ಸ್ನಾಯುವೊಂದಿದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವವರಲ್ಲಿ ಇದು ಬಿಗಿದಿರುವುದುಂಟು. ಆಗ ಹಿಂದಕ್ಕೆ ಬಾಗಹೋದರೆ ಅದು ಸೊಂಟವನ್ನೇ ಮುಂದಕ್ಕೆ ಜಗ್ಗುತ್ತದೆ. ವೀರಭದ್ರಾಸನ, ಸುಪ್ತ ವೀರಾಸನಗಳು ತೊಡೆ, ತೊಡೆಸಂದುಗಳ ಈ ಮುಂಬದಿಯನ್ನು ಬಿಡಿಸುತ್ತವೆ. ಬಳಿಕ ಭುಜಗಳು: ಕೈಗಳು ಕಿವಿಯ ಪಕ್ಕದಲ್ಲಿ ನೇರವಾಗಿ ಮೇಲೇರದವನು ಪಾದ ಹಿಡಿಯಲು ಸೊಂಟದಿಂದ ಸಾಲ ತರಬೇಕಾಗುತ್ತದೆ. ಮೂರನೆಯದು ಆ ಹಟಮಾರಿ ಹನ್ನೆರಡು ಮಣಿಗಳು. ಸುರುಳಿ ಸುತ್ತಿದ ಕಂಬಳಿಯನ್ನು ಹೆಗಲಮೂಳೆಗಳ ಕೆಳತುದಿಗೆ ಅಡ್ಡಲಾಗಿಟ್ಟು ಕೆಲವು ನಿಮಿಷ ಸುಮ್ಮನೆ ಮಲಗುವುದು ಇದಕ್ಕೆ ಒಳ್ಳೆಯ ಉಪಾಯ. ನೋಡುವುದಕ್ಕೆ ಇದರಲ್ಲಿ ಏನೂ ಇಲ್ಲ. ಆದುದರಿಂದಲೇ ಜನ ಮಾಡುವುದಿಲ್ಲ!

ಇಷ್ಟಾದ ಮೇಲೆ ಉಷ್ಟ್ರಾಸನ. ಗೋಡೆಗೆ ಮುಖ ಮಾಡಿ ಮೊಣಕಾಲೂರಿ, ತೊಡೆಗಳನ್ನು ಗೋಡೆಗೆ ತಾಗಿಸಿ, ಬಾಲಮೂಳೆಯನ್ನು ಕೆಳಕ್ಕೆ ಇಳಿಯಬಿಡಬೇಕು. ಉಸಿರನ್ನೆಳೆಯುತ್ತ ಎದೆಯನ್ನು ಮೊದಲು ಮೇಲಕ್ಕೆತ್ತಿ, ಆಮೇಲೆ ಹಿಂದಕ್ಕೆ ಕೊಂಡೊಯ್ಯಬೇಕು. ಮೇಲಕ್ಕೇರದ ಎದೆ ಹಿಂದಕ್ಕೆ ಹೋಗುವುದಿಲ್ಲ, ಸೊಂಟದ ಮೇಲೆ ಕುಸಿಯುತ್ತದೆ. ತಲೆಯನ್ನು ಕಡೆಗೆ ಬಿಡಬೇಕು. ಕತ್ತನ್ನು ಮೊದಲೇ ಎಸೆದುಬಿಡುವುದು ತಪ್ಪು. ಉಸಿರು ಸಿಕ್ಕಿಕೊಂಡಿತೆಂದರೆ ಎಲ್ಲೆಯನ್ನು ದಾಟಿದ್ದೀರಿ ಎಂದೇ ತಿಳಿಯಿರಿ. ಸ್ನಾಯು ಎಳೆದಂತಾಗುವುದು ಬೇರೆ. ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಕಾಲಿಗಿಳಿಯುವ ಜೋಮು ಬೇರೆ. ಎರಡನೆಯದು ಕಂಡರೆ ಆ ದಿನಕ್ಕೆ ಸಾಕು. ಅದು ಮರಳಿ ಬಂದರೆ ವೈದ್ಯರನ್ನು ಕಾಣಬೇಕು. ಮೂತ್ರದ ಹಿಡಿತವೇ ತಪ್ಪಿದರೆ ಒಂದು ದಿನವೂ ಕಾಯಬಾರದು. ಬಸುರಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಈಚೆಗೆ ಎದ್ದವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಕಶೇರುಮಣಿ ಜಾರಿದವರು ಈ ಆಸನದ ತಂಟೆಗೆ ಹೋಗಬಾರದು.

ಉಷ್ಟ್ರಾಸನದಲ್ಲಿ ನಿರಾಯಾಸವಾಗಿ ಹತ್ತು ಉಸಿರು ನಿಲ್ಲಬಲ್ಲವರು ಮಾತ್ರ, ಬಲ್ಲ ಗುರುವಿನ ಎದುರಿನಲ್ಲಿ, ಕಪೋತಾಸನಕ್ಕೆ ಕೈಹಾಕಬಹುದು. ಪಾದ ಸಿಗದಿದ್ದರೆ ಅಂಗೈಗಳನ್ನು ನೆಲಕ್ಕೂರಿದರೆ ಸಾಕು. ಏಳುವಾಗ ಎದೆ ಮೊದಲು, ತಲೆ ಕೊನೆಗೆ. ಎದ್ದವರೇ ತಟ್ಟನೆ ಮುಂದಕ್ಕೆ ಬಾಗಿ ಪಶ್ಚಿಮೋತ್ತಾನಾಸನ ಹಾಕುವ ರೂಢಿಯೊಂದುಂಟು. ಅದು ನನಗೆ ಒಪ್ಪಿಗೆಯಿಲ್ಲ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಬೆನ್ನು ತಾನಾಗಿ ನೆಲಕ್ಕಿಳಿಯುವವರೆಗೆ ಕಾಯಿರಿ. ಆಮೇಲೆ ಎಡಕ್ಕೂ ಬಲಕ್ಕೂ ಮೆಲ್ಲನೆ ಹೊರಳಿ ಏಳಿರಿ.