ಹಳೆಯ ಕಂಪ್ಯೂಟರಿಗೆ ಹೊಸ ನೆನಪು

ನಾಗಪುರದ ಕಡೆಗೆ ಹೊಸದಾಗಿ ಬಂದ ಕನ್ನಡಿಗರಿಗೆ ಮೊದಲ ವಾರದಲ್ಲಿಯೇ ಒಂದು ಬೆರಗು ಕಾದಿರುತ್ತದೆ. ಬೆಳಗಿನ ಹೊತ್ತು ತಳ್ಳುಗಾಡಿಯವನೊಬ್ಬನು "ಭಂಗಾರ್, ಭಂಗಾರ್" ಎಂದು ಕೂಗುತ್ತ ಬೀದಿಯಲ್ಲಿ ಬರುತ್ತಾನೆ. ಇಷ್ಟು ನಿರ್ಭಯವಾಗಿ ಬಂಗಾರ ಮಾರುವ ಊರು ಯಾವುದಪ್ಪಾ ಎಂದು ಬಾಗಿಲು ತೆರೆದು ನೋಡಿದರೆ, ಗಾಡಿಯ ತುಂಬ ತುಕ್ಕು ಹಿಡಿದ ಕಬ್ಬಿಣ, ಹಳೆಯ ಕೂಲರಿನ ತಗಡು, ಹರಿದ ವಯರು. ನಮ್ಮ ಬಂಗಾರ ಇಲ್ಲಿಯವರಿಗೆ ಗುಜರಿ! ಈಚೆಗೆ ಆ ಗಾಡಿಯಲ್ಲಿ ಕಂಪ್ಯೂಟರಿನ ಪೆಟ್ಟಿಗೆಗಳೂ ಕಾಣತೊಡಗಿವೆ. ಅವುಗಳಲ್ಲಿ ಕೆಲವು ನಿಜವಾಗಿಯೂ ಕೆಟ್ಟವು. ಇನ್ನು ಕೆಲವು ಕೆಟ್ಟವೇ ಅಲ್ಲ. ಒಗ್ಗದ ಔಷಧವನ್ನು ಕುಡಿಸಿ, ರೋಗಿಯೇ ಸತ್ತನೆಂದು ತೀರ್ಮಾನಿಸಿದಂಥವು. ಈ ಎರಡನೆಯ ಬಗೆಯವುಗಳ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ಈ ಲೇಖನ.

ಬುಟಿಬೋರಿಯ ಕೈಗಾರಿಕಾ ಪ್ರದೇಶದ ಸುತ್ತ ನೆಲೆಸಿರುವ ನಮ್ಮವರ ಮನೆಗಳಲ್ಲಿ 2010-12ರ ಸುಮಾರಿಗೆ ಕೊಂಡ ಡೆಸ್ಕ್‌ಟಾಪ್ ಯಂತ್ರಗಳು ಇನ್ನೂ ಇವೆ. ದೊಡ್ಡ ಮಗ ಅದರಲ್ಲಿ ಓದಿದ. ಈಗ ಚಿಕ್ಕವಳ ಸರದಿ. ಯಂತ್ರ ನಿಧಾನವಾಯಿತೆಂದರೆ "ರ‍್ಯಾಮ್ ಹೆಚ್ಚಿಸಿ" ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಸಲಹೆ ಒಳ್ಳೆಯದೇ. ಆದರೆ ಯಾವ ರ‍್ಯಾಮ್ ಎಂಬುದನ್ನು ಹೇಳುವವರು ಕಡಿಮೆ.

ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಹಾರ್ಡ್ ಡಿಸ್ಕ್ ಎಂಬುದು ರಿಕಾರ್ಡು ಕೋಣೆ. ರ‍್ಯಾಮ್ ಎಂಬುದು ಗುಮಾಸ್ತನ ಮೇಜು. ಮೇಜು ಚಿಕ್ಕದಾದರೆ ಪ್ರತಿಯೊಂದು ಕಡತಕ್ಕೂ ಎದ್ದು ಕೋಣೆಗೆ ಓಡಬೇಕು. ನನ್ನಂಥ ಬಿ.ಎ. ಆದವನಿಗೆ ಇಷ್ಟು ತಿಳಿದರೆ ಸಾಕು. ಆದರೆ ಎಲ್ಲ ಮೇಜೂ ಎಲ್ಲ ಕೋಣೆಯಲ್ಲಿ ಹಿಡಿಸುವುದಿಲ್ಲ ಎಂಬುದೇ ಇಲ್ಲಿಯ ತೊಡಕು.

ಮೊದಲನೆಯ ತೊಡಕು ಕಣ್ಣಿಗೆ ಕಾಣುವಂಥದು. ಡಿಡಿಆರ್2, 2007ರಲ್ಲಿ ಬಂದ ಡಿಡಿಆರ್3, 2014ರಲ್ಲಿ ಮಾರುಕಟ್ಟೆಗೆ ಬಂದ ಡಿಡಿಆರ್4 ಇವು ಒಂದೇ ಮನೆತನದವಾದರೂ ಒಂದರ ಮನೆಯಲ್ಲಿ ಇನ್ನೊಂದು ಇರಲಾರದು. ಡಿಡಿಆರ್2ಕ್ಕೂ ಡಿಡಿಆರ್3ಕ್ಕೂ 240 ಪಿನ್ನುಗಳೇ ಇದ್ದರೂ, ಪಟ್ಟಿಯ ಕೆಳ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಸ್ಥಳದಲ್ಲಿದೆ. ಡಿಡಿಆರ್2ಕ್ಕೆ 1.8 ವೋಲ್ಟ್, ಡಿಡಿಆರ್3ಕ್ಕೆ 1.5 ವೋಲ್ಟ್ ಬೇಕು. ತಪ್ಪಿ ಒಂದರಲ್ಲಿ ಇನ್ನೊಂದನ್ನು ಸೇರಿಸಬಾರದೆಂದೇ ಆ ಕಚ್ಚನ್ನು ಜರುಗಿಸಿರುವುದು. ಸುಲಭವಾಗಿ ಕೂಡದಿದ್ದರೆ ಒತ್ತಬೇಡಿ, ಅಷ್ಟೆ.

ಎರಡನೆಯ ತೊಡಕು ಕಣ್ಣಿಗೆ ಕಾಣದು. ಹಣ ಹೋಗುವುದು ಇದರಲ್ಲಿಯೇ.

ಬೆಳಗಾವಿಯ ಕಡೆಯ ಒಬ್ಬ ಫೋರ್‌ಮನ್ನರ ಮನೆಯ ಸಂಗತಿ ಹೇಳುತ್ತೇನೆ. ಅವರ ಮಗಳು ಹನ್ನೆರಡನೆಯ ತರಗತಿ. ಪಾಠದ ವೀಡಿಯೊ ಹಚ್ಚಿ, ಪಕ್ಕದಲ್ಲಿ ಪ್ರಶ್ನೆಪತ್ರಿಕೆ ತೆರೆದರೆ ಯಂತ್ರ ಕೈಕಟ್ಟಿ ನಿಂತುಬಿಡುತ್ತಿತ್ತು. ಒಳಗಿದ್ದುದು 1 ಜಿಬಿಯ ಎರಡು ಪಟ್ಟಿ. 4 ಜಿಬಿಯ ಎರಡು ಹೊಸ ಡಿಡಿಆರ್3 ಪಟ್ಟಿಗಳನ್ನು ತರಿಸಿದರು. ಕಚ್ಚು ಸರಿ, ಪಿನ್ನು ಸರಿ, ಕೂತದ್ದೂ ಸರಿ. ಗುಂಡಿ ಒತ್ತಿದರೆ ಪರದೆ ಕಪ್ಪು. "ಸರ್, ಹೊಸಾದು ಹಾಕೀವಿ, ಮಷಿನ್ ಬರೇ ಕುಂಯ್ ಕುಂಯ್ ಅಂತೈತ್ರಿ" ಎಂದು ಅವರ ಫೋನು. ನೋಡಲು ಬಂದ ರಿಪೇರಿಯವನು ಬೋರ್ಡೇ ಹೋಯಿತು, ಹೊಸ ಯಂತ್ರ ಕೊಳ್ಳಿರೆಂದು ಹೇಳಿ ಹೋಗಿದ್ದ. ಪರೀಕ್ಷೆಗೆ ಎರಡು ತಿಂಗಳು. ಹೊಸ ಯಂತ್ರಕ್ಕೆ ಅವರ ಒಂದು ತಿಂಗಳ ಸಂಬಳಕ್ಕೂ ಮಿಕ್ಕಿ ಬೇಕು.

ಬೋರ್ಡು ಹೋಗಿದೆಯೆ ಇಲ್ಲವೆ ಎಂದು ತಿಳಿಯಲು ಹಳೆಯ ಪಟ್ಟಿಯನ್ನೇ ಮತ್ತೆ ಹಾಕಿ ನೋಡಬೇಕು. ಇದಕ್ಕೆ ಯಾವ ಖರ್ಚೂ ಇಲ್ಲ. ಆದರೂ ಜನ ಇದನ್ನು ಮಾಡುವುದಿಲ್ಲ. ಹಾಕಿದೊಡನೆ ಯಂತ್ರ ಎಂದಿನಂತೆ ಎದ್ದಿತು. ಅಂದ ಮೇಲೆ ಬೋರ್ಡು ಜೀವಂತ; ಕೂಗಿದ್ದು ರೋಗದಿಂದಲ್ಲ, "ಈ ಪಟ್ಟಿಯನ್ನು ಓದಲಾರೆ" ಎಂಬ ದೂರು.

ಏಕೆ ಓದಲಾರದು? ಆ ಬೋರ್ಡಿನ ಮೇಲಿದ್ದುದು ಇಂಟೆಲ್ ಸಂಸ್ಥೆ 2008ರಲ್ಲಿ ಹೊರತಂದ ಜಿ41 ಎಂಬ ಚಿಪ್‌ಸೆಟ್. ನಮ್ಮ ದೇಶದ ಅಗ್ಗದ ಡೆಸ್ಕ್‌ಟಾಪುಗಳಲ್ಲಿ ಇದು ಬಹಳ ಬಳಕೆಯಲ್ಲಿತ್ತು. ಒಟ್ಟು 8 ಜಿಬಿಯವರೆಗೆ ಇದು ಒಪ್ಪುತ್ತದೆ. ಆದರೆ ಪಟ್ಟಿಯ ಮೇಲಿನ ಒಂದೊಂದು ಕಪ್ಪು ಚಿಪ್ಪೂ 2 ಗಿಗಾಬಿಟ್ಟಿಗಿಂತ ದೊಡ್ಡದಿರಬಾರದು. 2 ಗಿಗಾಬಿಟ್ಟಿನ ಹದಿನಾರು ಚಿಪ್ ಕೂಡಿದರೂ 4 ಜಿಬಿ, 4 ಗಿಗಾಬಿಟ್ಟಿನ ಎಂಟು ಚಿಪ್ ಕೂಡಿದರೂ 4 ಜಿಬಿ. ಅಂಗಡಿಯ ರಸೀದಿಯಲ್ಲಿ ಎರಡಕ್ಕೂ ಒಂದೇ ಹೆಸರು. ಆದರೆ ಚಿಕ್ಕ ಚಿಪ್ಪಿನ ಒಳಗಿನ ಸಾಲುಗಳ ವಿಳಾಸ ಬರೆಯಲು ಹದಿನೈದು ತಂತಿ ಸಾಕು. ದೊಡ್ಡದಕ್ಕೆ ಹದಿನಾರು ಬೇಕು. ನಮ್ಮ ಹಳೆಯ ರಿಜಿಸ್ಟರಿನಲ್ಲಿ ಮೂರು ಅಂಕಿಗಷ್ಟೆ ಕಾಲಂ ಇದ್ದು, ಕಡತದ ಸಂಖ್ಯೆ 1000 ದಾಟಿದರೆ ಏನಾಗುತ್ತದೆಯೋ ಹಾಗೆ. ಕೆಲವು ಸಲ ಯಂತ್ರ ಅರ್ಧವನ್ನು ಮಾತ್ರ ಎಣಿಸುತ್ತದೆ. ಬಹಳ ಸಲ ಏಳುವುದೇ ಇಲ್ಲ.

ಫೋರ್‌ಮನ್ನರು ತರಿಸಿದ ಪಟ್ಟಿಗಳಲ್ಲಿ ಎಂಟೇ ಚಿಪ್ ಇದ್ದವು. ಅವನ್ನು ಹಿಂದಿರುಗಿಸಿ, ಎರಡೂ ಬದಿಗೆ ಎಂಟೆಂಟರಂತೆ ಹದಿನಾರು ಚಿಪ್ ಇರುವ ಬಳಸಿದ ಪಟ್ಟಿಗಳನ್ನು ಸೀತಾಬರ್ಡಿಯಲ್ಲಿ ಹುಡುಕಿ ತಂದೆವು. ಮೊದಲ ಸಲಕ್ಕೇ ಎದ್ದಿತು. ಕೆಲವೇ ನೂರು ರೂಪಾಯಿಯ ಕೆಲಸ.

ಆದರೂ ವಿಂಡೋಸ್ 3 ಜಿಬಿ ಚಿಲ್ಲರೆಯಷ್ಟನ್ನೇ ತೋರಿಸುತ್ತಿತ್ತು! ಇದು ರ‍್ಯಾಮಿನ ದೋಷವಲ್ಲ. 32 ಬಿಟ್ಟಿನ ವಿಂಡೋಸಿಗೆ 4 ಜಿಬಿಯೇ ಮೇರೆ, ಅದರಲ್ಲಿಯೂ ಒಂದು ಪಾಲು ಇತರ ಭಾಗಗಳ ವಿಳಾಸಕ್ಕೆ ಹೋಗುತ್ತದೆ. 64 ಬಿಟ್ಟಿನದನ್ನು ಹಾಕಿಕೊಂಡ ಮೇಲೆ 8 ಜಿಬಿ ಪೂರ್ತಿ ಬಂದಿತು.

ಕೊಳ್ಳುವ ಮುನ್ನ ಪಟ್ಟಿಯ ಮೇಲಿನ ಚೀಟಿಯನ್ನು ಓದುವುದು ಒಳಿತು. "2ಆರ್‌ಎಕ್ಸ್8" ಎಂದಿದ್ದರೆ ಹದಿನಾರು ಚಿಪ್. "1ಆರ್‌ಎಕ್ಸ್8" ಎಂದಿದ್ದರೆ ಎಂಟು. "ಪಿಸಿ3-10600" ಎಂದರೆ 1333ರ ವೇಗದ ಡಿಡಿಆರ್3. ಹೆಚ್ಚು ವೇಗದ್ದನ್ನು ತಂದರೆ ಕೆಡುಕಿಲ್ಲ, ಸಾಮಾನ್ಯವಾಗಿ ಬೋರ್ಡಿನ ವೇಗಕ್ಕೆ ಇಳಿದು ನಡೆಯುತ್ತದೆ. ಬೇರೆ ಬೇರೆ ವೇಗದ ಎರಡನ್ನು ಕೂಡಿಸಿದರೆ ನಿಧಾನದ್ದರ ಹೆಜ್ಜೆಗೇ ಎರಡೂ ನಡೆಯುತ್ತವೆ. ಬಹಳ ಅಗ್ಗಕ್ಕೆ ಸಿಗುವ ಪಟ್ಟಿಗಳನ್ನು ಮಾತ್ರ ಸಂಶಯದಿಂದ ನೋಡಬೇಕು. ಕೆಲವು ಎಎಮ್‌ಡಿ ಪ್ರೊಸೆಸರಿನ ಯಂತ್ರಗಳಲ್ಲಷ್ಟೆ ನಡೆಯುವಂಥವು. ಕೆಲವು ಸರ್ವರ್ ಯಂತ್ರಗಳಿಂದ ಕಿತ್ತವು, ನಮ್ಮ ಮನೆಯ ಬೋರ್ಡು ಅವನ್ನು ಒಪ್ಪುವುದಿಲ್ಲ. ಬೋರ್ಡಿನ ಹೆಸರು ಅದರ ಮೇಲೆಯೇ ಅಚ್ಚಾಗಿರುತ್ತದೆ; ಪೆಟ್ಟಿಗೆ ತೆರೆಯಲು ಅಂಜುವವರಿಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅದನ್ನು ಪರದೆಯ ಮೇಲೆಯೇ ತೋರಿಸುತ್ತದೆ.

ನಮ್ಮ ಊರಿನದೇ ಒಂದು ವಿಶೇಷ ತೊಂದರೆಯನ್ನೂ ಹೇಳಬೇಕು. ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲಿನಲ್ಲಿ ಕೂಲರ್ ಇಲ್ಲದೆ ಬದುಕುವಂತಿಲ್ಲ. ಕೂಲರಿನ ಒದ್ದೆ ಗಾಳಿ, ಕಾರ್ಖಾನೆಯ ರಸ್ತೆಯ ಧೂಳು ಎರಡೂ ಸೇರಿ ರ‍್ಯಾಮ್ ಪಟ್ಟಿಯ ಹಳದಿ ಹಲ್ಲುಗಳ ಮೇಲೆ ಕಿಲುಬು ಕಟ್ಟುತ್ತವೆ. ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ತೆಗೆದು, ಮಕ್ಕಳ ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ ಹಾಕಿ ನೋಡಿರಿ. ಪ್ಲಗ್ಗು ಕಿತ್ತಿರಲಿ, ಕೈ ಹಾಕುವ ಮೊದಲು ಪೆಟ್ಟಿಗೆಯ ಬರಿ ಲೋಹವನ್ನು ಮುಟ್ಟಿರಿ, ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿದರೆ ದೋಷ ಯಾವುದರಲ್ಲಿದೆಯೆಂದು ಗೊತ್ತಾಗುತ್ತದೆ. ಕೂಲರನ್ನು ಯಂತ್ರದ ಎದುರಿನಿಂದ ಜರುಗಿಸುವಂತೆ ಮನೆಯವರನ್ನು ಒಪ್ಪಿಸುವುದು ನಿಮ್ಮ ಜಾಣತನಕ್ಕೆ ಬಿಟ್ಟದ್ದು.

ರ‍್ಯಾಮ್ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಟಾಸ್ಕ್ ಮ್ಯಾನೇಜರಿನಲ್ಲಿ ನೆನಪು ಅರ್ಧವೂ ತುಂಬದೆ ಯಂತ್ರ ತೆವಳುತ್ತಿದ್ದರೆ ದೋಷ ಹಳೆಯ ಹಾರ್ಡ್ ಡಿಸ್ಕಿನದಿರಬಹುದು. ಆ ಹಣವನ್ನು ಎಸ್‌ಎಸ್‌ಡಿಗೆ ಹಾಕುವುದು ಮೇಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಕಾಲದ ಯಂತ್ರಗಳಿಗೆ ವಿಂಡೋಸ್ 11ರ ಅರ್ಹತೆಯಿಲ್ಲ. ಫೋರ್‌ಮನ್ನರ ಮಗಳು ಲಿನಕ್ಸ್ ಮಿಂಟ್ ಹಾಕಿಸಿಕೊಂಡಿದ್ದಾಳೆ. ಅದರಲ್ಲಿ ಕನ್ನಡ ಕೀಲಿಮಣೆಯೂ ಇರುವುದರಿಂದ ಊರಿನ ಅಜ್ಜಿಗೆ ಕಾಗದ ಕನ್ನಡದಲ್ಲಿಯೇ ಹೋಗುತ್ತಿದೆ.

ಸೀತಾಬರ್ಡಿಗೆ ಹೋಗುವವರು ಹಳೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ, ಬೋರ್ಡಿನ ಹೆಸರನ್ನು ಬರೆದುಕೊಳ್ಳಿರಿ. ಜಿ41 ಇದ್ದವರು "ಸೋಲಹ್ ಚಿಪ್‌ವಾಲಾ" ಎಂದು ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. ಹೊಂದದಿದ್ದರೆ ಬದಲಿಸಿ ಕೊಡುವುದಾಗಿ ರಸೀದಿಯ ಮೇಲೆ ಬರೆಯಿಸಿಕೊಂಡೇ ಹಣ ಕೊಡಿ.