ಎರಡನೇ ಜಿಮ್ ಬೇಕೇ? ಲೆಕ್ಕ ಹಾಕಿ ನೋಡಿ

ಅಂಬಲಮುಗಳ್: 1966ರಲ್ಲಿ ಶುರುವಾದ ತೈಲ ಶುದ್ಧೀಕರಣಾಗಾರದಿಂದ ಹೆಸರಾದ ಈ ಊರಿನಲ್ಲಿ ಮನೆ, ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ನೌಕರಿ. ಇಂತಹ ಕನ್ನಡಿಗರಿಗೆ ಮನೆ ಬಳಿ ಒಂದು ಜಿಮ್ ಇದ್ದರೂ ಕಚೇರಿ ಬಳಿ ಇನ್ನೊಂದಕ್ಕೆ ಸೇರುವ ಆಸೆ ಸಹಜ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಜೂನ್ ಮಳೆಯಲ್ಲಂತೂ ಕೇಳುವುದೇ ಬೇಡ.

2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿದಿದೆ. ವರ್ಷದ ಮೂಲ ಶುಲ್ಕ 10,000 ರೂ. ಎಂದಿಟ್ಟುಕೊಂಡರೆ 11,800ರ ಬದಲು 10,500 ರೂ. ಆಯಿತು. ತಿಂಗಳಿಗೆ ನಾಲ್ಕೇ ದಿನ ಹೋದವರಿಗೆ ದಿನಕ್ಕೆ ಸುಮಾರು 219 ರೂ. ಬೀಳುತ್ತದೆ, ಹನ್ನೆರಡು ದಿನ ಹೋದವರಿಗೆ 73 ರೂ. ಮಾತ್ರ. ಮೊದಲ ಜಿಮ್‌ನ ಹಾಜರಿಯನ್ನೇ ಮೊದಲು ನೋಡಬೇಕು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯುಗಳಿಗೆ ಕಸರತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಡಿಗೆಗೆ ಶುಲ್ಕವಿಲ್ಲ. ಕಸರತ್ತಿಗೆ ಕಚೇರಿ ಬಳಿಯೇ ಅನುಕೂಲವೆನಿಸಿದರೆ ಒಂದು ತಿಂಗಳು ಮಾತ್ರ ಸೇರಿ ನೋಡಿ, ಒಗ್ಗಿದರೆ ಹಳೆಯದನ್ನು ನವೀಕರಿಸದಿರಬಹುದು.